ಗುಂಪಿಗೆ ಬುದ್ಧಿಯಿಲ್ಲವೆ?

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಪಠ್ಯವಾಗಿ ಓದಿದ ವಿದ್ಯಾರ್ಥಿಯನ್ನು, ಅದರಲ್ಲಿ ಬರುವ ರೋಮಿನ ಜನರ ವಿಷಯವಾಗಿ ನಾಲ್ಕು ಮಾತು ಹೇಳೆಂದರೆ, ಅವನಿಂದ ಬರುವುದು ಒಂದೇ ಮಾತು: ಗುಂಪು ಚಂಚಲವಾದದ್ದು, ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಹಾವೇರಿಯಲ್ಲಿ ಕೇಳಿದರೂ ಇದೇ ಉತ್ತರ. ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಕೇಳಿದರೂ ಇದೇ. ಪರೀಕ್ಷೆಯ ಹೊತ್ತಿಗೆ ಕೈಯಿಂದ ಕೈಗೆ ದಾಟುವ ಗೈಡುಗಳು ಈ ಮಾತನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸುತ್ತ ಬಂದಿವೆ. ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಾಟಕವನ್ನು ಓದುವ ಮೊದಲೇ ತೀರ್ಪನ್ನು ಬಾಯಿಪಾಠ ಮಾಡಿಸುವುದು ಸಾಹಿತ್ಯದ ಪಾಠವಾಗಲಾರದು. ಅದರಲ್ಲಿಯೂ ಈ ಮೂರು ಊರುಗಳ ಮಕ್ಕಳು ಆ ತೀರ್ಪನ್ನು ಒರೆಗೆ ಹಚ್ಚದೆ ಒಪ್ಪಿಕೊಳ್ಳುವುದು ಸರಿಯಲ್ಲ.

ಕನ್ನಡದ ಅಧ್ಯಾಪಕನಿಗೆ ಇಂಗ್ಲಿಷ್ ನಾಟಕದ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ೧೮೭೧ರಲ್ಲಿಯೇ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿಸಿ ಕನ್ನಡಿಗರ ಕೈಗಿತ್ತರು. ಇದೇ ಜಿಲ್ಲೆಯ ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಜೀವನವಿಡೀ ಇಂಗ್ಲಿಷ್ ಕಲಿಸುತ್ತ ಕನ್ನಡದ ಕವಿಯಾಗಿ ಬೆಳೆದರು. ಈ ಎರಡು ಕೋಣೆಗಳ ನಡುವಿನ ಬಾಗಿಲು ನಮ್ಮ ಭಾಗದಲ್ಲಿ ಎಂದೂ ಮುಚ್ಚಿರಲಿಲ್ಲ. ಇಂಗ್ಲಿಷ್ ತರಗತಿಯಲ್ಲಿ ತುಟಿ ಬಿಚ್ಚದೆ ಕುಳಿತ ಹುಡುಗರು ಮುಂದಿನ ತಾಸಿಗೆ ನನ್ನಲ್ಲಿಗೆ ಬಂದಾಗ, ಅದೇ ನಾಟಕದ ಮೇಲೆ ಕನ್ನಡದಲ್ಲಿ ಜಗಳಕ್ಕೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಈ ಲೇಖನಕ್ಕೆ ಆ ಜಗಳಗಳೇ ಮೂಲ.

ಮೊದಲು ನಾಟಕವನ್ನೇ ನೋಡೋಣ. ಸೀಸರನ ಕೊಲೆಯಾದ ಮೇಲೆ ಬ್ರೂಟಸ್ ಕಾರಣಗಳನ್ನು ಹೇಳುತ್ತಾನೆ; ಜನ ಒಪ್ಪುತ್ತಾರೆ. ಅನಂತರ ಆ್ಯಂಟನಿ ಹೆಣವನ್ನು ತೋರಿಸುತ್ತಾನೆ, ಗಾಯಗಳನ್ನು ತೋರಿಸುತ್ತಾನೆ, ಕೊನೆಗೆ ಮೃತ್ಯುಪತ್ರವನ್ನು ಓದುತ್ತಾನೆ. ತಲೆಗೆ ೭೫ ದ್ರಾಕ್ಮಾ ಹಣ, ನದಿಯ ದಂಡೆಯ ತೋಟಗಳು ಜನರ ಪಾಲಿಗೆ ಎಂದು ತಿಳಿದೊಡನೆ ಊರು ಹೊತ್ತಿಕೊಳ್ಳುತ್ತದೆ. ಇಷ್ಟರ ಮಟ್ಟಿಗೆ ಗೈಡಿನ ಮಾತು ನಿಜ. ಆದರೆ ಅದೇ ನಾಟಕದಲ್ಲಿ ಸೀಸರನೇ ಒಂದು ಬೆಳಗಿನೊಳಗೆ ಎರಡು ಸಲ ಮನಸ್ಸು ಬದಲಿಸುತ್ತಾನಲ್ಲ! ಹೆಂಡತಿ ಕಂಡ ಕನಸಿಗೆ ಅಂಜಿ ಸಭೆಗೆ ಹೋಗುವುದಿಲ್ಲವೆನ್ನುತ್ತಾನೆ. ಡೀಸಿಯಸ್ ಅದೇ ಕನಸಿಗೆ ಸಿಹಿಯಾದ ಅರ್ಥ ಹೇಳಿ ಕಿರೀಟದ ಆಸೆ ತೋರಿಸಿದಾಗ ಹೊರಟು ನಿಲ್ಲುತ್ತಾನೆ. ಶಕುನಗಳನ್ನು ನಂಬದ ಕ್ಯಾಸಿಯಸ್ ಕಡೆಯ ಯುದ್ಧದ ಹೊತ್ತಿಗೆ ನಂಬತೊಡಗುತ್ತಾನೆ. ಆದರೆ ಆಳುವವರು ಚಂಚಲರೆಂದು ಯಾವ ಗೈಡೂ ಬರೆಯುವುದಿಲ್ಲ. ದೊಡ್ಡವರು ಮನಸ್ಸು ಬದಲಿಸಿದರೆ ಅದು ಅಂತರಂಗದ ಹೋರಾಟ, ಸಣ್ಣವರು ಬದಲಿಸಿದರೆ ಬುದ್ಧಿಯಿಲ್ಲದ ವರ್ತನೆ! ಈ ಪಕ್ಷಪಾತದಲ್ಲಿ ನಾಟಕಕಾರನದೆಷ್ಟು, ಟಿಪ್ಪಣಿಕಾರರದೆಷ್ಟು ಎಂಬುದೇ ತರಗತಿಯಲ್ಲಿ ಚರ್ಚೆಯಾಗಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಬೇಕಾದವರು ‘ಕೊರಿಯೊಲೇನಸ್’ ನಾಟಕವನ್ನೂ ಓದಬೇಕು. ಸುಮಾರು ೧೬೦೮ರಲ್ಲಿ ರಚಿತವಾದ ಈ ನಾಟಕ ಆರಂಭವಾಗುವುದೇ ದೊಣ್ಣೆ ಹಿಡಿದು ಬಂದ ಹಸಿದ ಜನರಿಂದ. ಕಣಜಗಳು ತುಂಬಿರುವಾಗ ತಾವೇಕೆ ಉಪವಾಸವಿರಬೇಕೆಂದು ಅವರು ಕೇಳುತ್ತಾರೆ. ತಮ್ಮನ್ನು ಎಬ್ಬಿಸಿದ್ದು ಸೇಡಲ್ಲ, ಹಸಿವು ಎಂದು ವಿವರಿಸುತ್ತಾರೆ. ೧೬೨೩ರ ಮೊದಲ ಸಂಪುಟದಲ್ಲಿ ‘ಜೂಲಿಯಸ್ ಸೀಸರ್’ನ ಚೌಕದಲ್ಲಿ ನೆರೆದ ಜನರ ಮಾತಿಗೆ ‘ಪ್ಲೆಬಿಯನ್’ ಎಂಬ ಶೀರ್ಷಿಕೆಯಿದ್ದರೆ, ಇಲ್ಲಿ ‘ಸಿಟಿಜನ್’ ಎಂದಿದೆ. ಮೊದಲನೆಯದನ್ನು ಸಾಮಾನ್ಯರು ಎನ್ನಬಹುದು. ಎರಡನೆಯದನ್ನು ಪೌರ ಎನ್ನದೆ ಗತ್ಯಂತರವಿಲ್ಲ. ಎರಡಕ್ಕೂ ‘ಗುಂಪು’ ಎಂಬ ಒಂದೇ ಮುದ್ರೆಯೊತ್ತಿದಾಗ ಈ ಅಂತರ ಅಳಿಸಿಹೋಗುತ್ತದೆ.

ಹಸಿವಿನ ಈ ದೃಶ್ಯವನ್ನು ಕವಿ ಹವೆಯಲ್ಲಿ ಕಟ್ಟಿದ್ದಲ್ಲ. ೧೬೦೭ರಲ್ಲಿ ಇಂಗ್ಲೆಂಡಿನ ನಡುನಾಡಿನ ರೈತರು ಹೊಲಗಳಿಗೆ ಬೇಲಿ ಹಾಕುವುದರ ವಿರುದ್ಧ ದಂಗೆಯೆದ್ದಿದ್ದರು. ಷೇಕ್ಸ್‌ಪಿಯರನ ಹುಟ್ಟುಸೀಮೆಯಾದ ವಾರಿಕ್‌ಷೈರಿಗೂ ಅದು ಹಬ್ಬಿತ್ತು. ಇನ್ನೂ ಒಂದು ಸಂಗತಿಯುಂಟು. ಬೆಳೆ ಕೆಟ್ಟು ಧಾನ್ಯದ ಅಭಾವವಿದ್ದ ೧೫೯೮ರಲ್ಲಿ ಅಧಿಕಾರಿಗಳು ಸ್ಟ್ರಾಟ್‌ಫರ್ಡ್ ಊರಿನ ದಾಸ್ತಾನು ಲೆಕ್ಕ ಹಾಕಿದಾಗ, ಕವಿಯ ಮನೆಯಲ್ಲಿ ೧೦ ಕ್ವಾರ್ಟರ್, ಎಂದರೆ ೮೦ ಬುಷೆಲ್, ಮಾಲ್ಟ್ ಇತ್ತೆಂದು ದಾಖಲೆಯಿದೆ. ಕಣಜವಿದ್ದವನು ಕಣಜದ ಮುಂದೆ ನಿಂತವರ ಬಾಯಿಗೆ ಇಂಥ ಮಾತು ಕೊಟ್ಟನೆಂಬುದು ಅವನ ಕಲೆಯ ದೊಡ್ಡಸ್ತಿಕೆಗೆ ಸಾಕ್ಷಿ.

ಆ ಜನರನ್ನು ಸಮಾಧಾನಪಡಿಸಲು ಮೆನೇನಿಯಸ್ ಎಂಬ ಹಿರಿಯ ಒಂದು ಕಥೆ ಹೇಳುತ್ತಾನೆ. ಅಂಗಾಂಗಗಳೆಲ್ಲ ಹೊಟ್ಟೆಯ ಮೇಲೆ ದಂಗೆಯೆದ್ದವಂತೆ. ತಾನು ಎಲ್ಲವನ್ನೂ ಪಡೆದು ಎಲ್ಲರಿಗೂ ಹಂಚುತ್ತೇನೆ, ತನಗೆ ಉಳಿಯುವುದು ತೌಡು ಮಾತ್ರ ಎಂದು ಹೊಟ್ಟೆ ಉತ್ತರಿಸಿತಂತೆ. ಆಳುವ ಸಭೆಯೇ ಆ ಹೊಟ್ಟೆ ಎಂಬುದು ತಾತ್ಪರ್ಯ. ಛಾಂದೋಗ್ಯೋಪನಿಷತ್ತಿನ ಐದನೆಯ ಅಧ್ಯಾಯದಲ್ಲಿಯೂ ಇಂಥ ಜಗಳವುಂಟು. ಅಲ್ಲಿ ವಾಕ್ಕು, ಕಣ್ಣು, ಕಿವಿ, ಮನಸ್ಸುಗಳು ಒಂದೊಂದಾಗಿ ದೇಹವನ್ನು ಬಿಟ್ಟುಹೋಗಿ ನೋಡುತ್ತವೆ. ಪ್ರಾಣವು ಹೊರಡಲು ಅಣಿಯಾದಾಗ ಮಾತ್ರ ಉಳಿದವು ಕಂಗೆಟ್ಟು ಅದರ ಹಿರಿಮೆಯನ್ನು ಒಪ್ಪುತ್ತವೆ. ಅಲ್ಲಿ ಪರೀಕ್ಷೆ ನಡೆದು ತೀರ್ಪು ಬರುತ್ತದೆ. ಮೆನೇನಿಯಸನ ಕಥೆಯಲ್ಲಿ ಹೊಟ್ಟೆಯೇ ವಕೀಲ, ಹೊಟ್ಟೆಯೇ ನ್ಯಾಯಾಧೀಶ. ಇದನ್ನು ಕೇಳಿದ ಬ್ಯಾಡಗಿ ಕಡೆಯ ಹುಡುಗನೊಬ್ಬ, “ಸರ್, ಹೊಟ್ಟಿ ಎಲ್ಲಾರಿಗೂ ಹಂಚತೈತಿ ಅಂತಾನಲ್ರಿ, ಮತ್ತ ಕಣಜ ಯಾಕ ತುಂಬೇತಿ?” ಎಂದ. ಇಷ್ಟು ಚೊಕ್ಕವಾದ ಟೀಕೆಯನ್ನು ನಾನು ಯಾವ ಗೈಡಿನಲ್ಲಿಯೂ ಓದಿಲ್ಲ.

ಆ ಪ್ರಶ್ನೆ ಅವನಿಗೆ ಹೊಳೆದದ್ದು ಆಕಸ್ಮಿಕವೇನೂ ಅಲ್ಲ. ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ೨೦೨೪ರ ಮಾರ್ಚ್ ೧೧ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಕಚೇರಿಗೆ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿಯಿಟ್ಟರು. ಮೊದಲನೆಯದನ್ನು ಇಂದಿನ ವಿದ್ಯಾರ್ಥಿಗಳು ಮನೆಯ ಹಿರಿಯರಿಂದ ಕೇಳಿದ್ದಾರೆ; ಎರಡನೆಯದು ಅವರ ಕಣ್ಣಮುಂದಿನದು. ರಾಣೆಬೆನ್ನೂರಿನ ಬೀಜದಂಗಡಿಯ ಮುಂದೆ ಮುಂಗಾರಿನ ಹೊತ್ತಿಗೆ ತಂದೆಯೊಡನೆ ಪಾಳಿ ಹಚ್ಚಿ ನಿಂತ ಹುಡುಗನಿಗೆ, ನೆರೆದ ಜನರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಲೆಕ್ಕವಿರುತ್ತದೆ ಎಂಬುದು ಗೊತ್ತು. ಅಂಥವನ ಕೈಯಿಂದ ‘ಗುಂಪಿಗೆ ಬುದ್ಧಿಯಿಲ್ಲ’ ಎಂದು ಬರೆಯಿಸಿ ಅಂಕ ಕೊಡುವುದೆಂದರೆ, ತನ್ನ ಮನೆಯವರ ವಿರುದ್ಧ ಸಾಕ್ಷಿ ಹೇಳಿಸಿದಂತೆಯೇ ಸರಿ.

ಆದರೆ ಇಲ್ಲಿಗೇ ನಿಲ್ಲುವುದೂ ಅಪಾಯ. ನಮ್ಮೂರಿನ ಹೋಲಿಕೆ ನಾಟಕದೊಳಕ್ಕೆ ಹೋಗಲು ಬಾಗಿಲು, ಅಷ್ಟೆ. ಜನರೆಲ್ಲ ನಿರಪರಾಧಿಗಳೆಂದು ಷೇಕ್ಸ್‌ಪಿಯರ್ ಹೇಳುವುದಿಲ್ಲ. ಉದ್ರಿಕ್ತರಾದ ರೋಮನರು ಸಿನ್ನ ಎಂಬ ಕವಿಯನ್ನು ಹಿಡಿಯುತ್ತಾರೆ. ತಾನು ಪಿತೂರಿಗಾರ ಸಿನ್ನನಲ್ಲ, ಕವಿ ಸಿನ್ನ ಎಂದು ಅವನು ಗೋಗರೆದರೂ ಬಿಡುವುದಿಲ್ಲ. ಹಸಿವಿನ ನ್ಯಾಯವನ್ನು ಸಹಪಾಠಿಗಳು ಎತ್ತಿ ಹಿಡಿಯುತ್ತಿದ್ದಾಗ, ಹಾವೇರಿಯ ಹುಡುಗಿಯೊಬ್ಬಳು ಎದ್ದು, “ಸಿಟ್ಟು ಖರೇನ ಇರಬಹುದ್ರಿ. ಆದ್ರ ಆ ಕವಿ ಏನ್ ಮಾಡಿದ್ದ?” ಎಂದಳು. ತರಗತಿ ಸ್ತಬ್ಧವಾಯಿತು. ‘ಕೊರಿಯೊಲೇನಸ್’ನ ಪೌರರೂ ಹಾಗೆಯೇ: ದೇಶಕ್ಕಾಗಿ ಗಾಯಗೊಂಡವನಿಗೆ ತಾವು ಕೃತಘ್ನರಾಗಬಾರದೆಂದು ತರ್ಕಿಸಿ ಒಪ್ಪಿಗೆ ಕೊಡುತ್ತಾರೆ, ಬಳಿಕ ತಮ್ಮ ಮುಂದಾಳುಗಳ ಮಾತಿಗೆ ಕಿವಿಗೊಟ್ಟು ಅದನ್ನು ಹಿಂತೆಗೆದುಕೊಳ್ಳುತ್ತಾರೆ. ಅವರಿಗೆ ವಿವೇಕವೂ ಉಂಟು, ಮರುಳಾಗುವ ಸ್ವಭಾವವೂ ಉಂಟು, ಥೇಟ್ ಸೀಸರನಂತೆ.

ಇಷ್ಟನ್ನು ಕಾಣಲು ವಿದ್ಯಾರ್ಥಿಗಳಿಗೆ ಬೇಕಾದದ್ದು ಎರಡೇ ಅನುಕೂಲ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವ ಮೊದಲು ತಮ್ಮ ಮಾತಿನಲ್ಲಿ ವಾದಿಸಲು ಅವರಿಗೆ ಅವಕಾಶವಿರಬೇಕು. ಪ್ರಶ್ನಪತ್ರಿಕೆಯೂ ಜನರ ಚಾಂಚಲ್ಯವನ್ನು ವರ್ಣಿಸಿರಿ ಎಂದು ಆಜ್ಞಾಪಿಸುವ ಬದಲು, ಮೊದಲನೆಯ ಪೌರ ಏನು ಕೇಳಿದ, ಅವನಿಗೆ ಸಿಕ್ಕ ಉತ್ತರ ಸಾಲುವುದೇ ಎಂದು ಕೇಳಬೇಕು. ಹಾಗೆ ಕೇಳಿದರೆ ನಮ್ಮ ಮಕ್ಕಳು ನಾಟಕವನ್ನು ತೆರೆದು ಓದುತ್ತಾರೆ. ಈಗ ಕೇಳುತ್ತಿರುವ ಪ್ರಶ್ನೆಗೆ ಗೈಡು ಸಾಕು.