ಲಂಡನ್ನಿನ ಗೊಂಡ ನಕ್ಷೆ: ಭಜ್ಜು ಶ್ಯಾಮ್ ಅವರ ಚಿತ್ರಗಳಲ್ಲಿ ಸ್ಥಳ ಮತ್ತು ಸ್ವಂತಿಕೆ

ನಕ್ಷೆ ಎಂದೊಡನೆ ಅಳತೆ, ದಿಕ್ಕು ಮತ್ತು ಗಡಿಗಳು ನೆನಪಿಗೆ ಬರುತ್ತವೆ. ಭೂಮಾಪನದ ನಕ್ಷೆಯು ಯಾರ ಕೈಗೆ ಹೋದರೂ ಒಂದೇ ಅರ್ಥವನ್ನು ಕೊಡಬೇಕು. ಬರೆದವನ ಗುರುತು ಅದರಲ್ಲಿ ಉಳಿಯಬಾರದು. ಚಿತ್ರಕಾರನೊಬ್ಬ ತನ್ನ ಬಾಳಿಗೆ ಮುಖ್ಯವಾದ ಊರನ್ನೋ ಬೀದಿಯನ್ನೋ ನಕ್ಷೆಯಾಗಿ ಬರೆದಾಗ ಈ ನಿಯಮ ತಿರುಗುಮುರುಗಾಗುತ್ತದೆ. ಅಲ್ಲಿ ಹತ್ತಿರ ದೂರಗಳನ್ನು ನೆನಪು ನಿರ್ಧರಿಸುತ್ತದೆ. ಇಂತಹ ರಚನೆಗಳನ್ನು ‘ವೈಯಕ್ತಿಕ ನಕ್ಷೆ’ ಎಂದು ಗುರುತಿಸುವುದು ರೂಢಿ. ಆದರೆ ಅದೇ ಕೆಲಸವನ್ನು ಬುಡಕಟ್ಟಿನ ಕಲಾವಿದರು ಮಾಡಿದಾಗ ಅದು ‘ಸಮುದಾಯದ ಅಭಿವ್ಯಕ್ತಿ’ ಎನಿಸಿಕೊಂಡು, ಬರೆದ ವ್ಯಕ್ತಿ ಹಿನ್ನೆಲೆಗೆ ಸರಿಯುವುದುಂಟು. ಈ ಎರಡು ಅಳತೆಗೋಲುಗಳು ಎಷ್ಟರಮಟ್ಟಿಗೆ ಸಮರ್ಥನೀಯ ಎಂಬ ಪ್ರಶ್ನೆಯನ್ನು ಭಜ್ಜು ಶ್ಯಾಮ್ ಅವರ ‘ದಿ ಲಂಡನ್ ಜಂಗಲ್ ಬುಕ್’ ಎತ್ತುತ್ತದೆ. ಇದು ಚೆನ್ನೈನ ತಾರಾ ಪ್ರಕಾಶನ 2004ರಲ್ಲಿ ಹೊರತಂದ ಚಿತ್ರಕೃತಿ.

ಭಜ್ಜು ಶ್ಯಾಮ್ ಅವರು 1971ರಲ್ಲಿ ಮಧ್ಯಪ್ರದೇಶದ ಪಾಟನ್‌ಗಢದಲ್ಲಿ, ಪರಧಾನ ಗೊಂಡರ ಕುಟುಂಬದಲ್ಲಿ ಜನಿಸಿದರು. ಅವರ ಚಿಕ್ಕಪ್ಪ ಜನಗಢ ಸಿಂಗ್ ಶ್ಯಾಮ್ ಅವರ ಪ್ರತಿಭೆಯನ್ನು ಗುರುತಿಸಿದವರು ಕಲಾವಿದ ಜೆ. ಸ್ವಾಮಿನಾಥನ್ ಅವರು. 1982ರಲ್ಲಿ ಆರಂಭವಾದ ಭೋಪಾಲದ ಭಾರತ ಭವನದ ಮೂಲಕ ಗೋಡೆ ಮತ್ತು ನೆಲದ ಚಿತ್ತಾರಗಳು ಕಾಗದಕ್ಕೂ ಕ್ಯಾನ್ವಾಸಿಗೂ ಬಂದವು. ಮುಂದೆ ಆ ಶೈಲಿಗೆ ‘ಜನಗಢ ಕಲಮ್’ ಎಂಬ ಹೆಸರೇ ನಿಂತಿತು. ಜನಗಢ ಅವರು 2001ರಲ್ಲಿ ಜಪಾನಿನ ಮಿಥಿಲಾ ವಸ್ತುಸಂಗ್ರಹಾಲಯದಲ್ಲಿ ಚಿತ್ರ ರಚಿಸುತ್ತಿದ್ದ ಅವಧಿಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಅವರ ಬಳಿ ಕಲಿತ ಭಜ್ಜು 2002ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಪ್ರದೇಶದ ಭಾರತೀಯ ಉಪಾಹಾರಗೃಹವೊಂದರ ಗೋಡೆಗಳಿಗೆ ಚಿತ್ರ ಬರೆಯಲು ತೆರಳಿದರು. ದೂರದ ನಾಡಿಗೆ ಕರೆಸಿಕೊಳ್ಳಲ್ಪಟ್ಟ ಕಲಾವಿದ ಆ ನಾಡನ್ನು ತನ್ನದಾಗಿಸಿಕೊಳ್ಳದೆ ಉಳಿಯಲಾರ ಎಂಬ ಅರಿವು ಈ ಕೃತಿಯ ಹಿಂದೆ ಇರುವುದನ್ನು ಅಲ್ಲಗಳೆಯುವಂತಿಲ್ಲ.

ಲಂಡನ್ನಿನ ಪ್ರಸಿದ್ಧ ನಕ್ಷೆಯೊಂದರ ಜೊತೆಗಿಟ್ಟು ನೋಡಿದರೆ ಭಜ್ಜು ಅವರ ರೀತಿ ಸ್ಪಷ್ಟವಾಗುತ್ತದೆ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಪ್ರಕಟವಾದ ನೆಲದಡಿಯ ರೈಲು ನಕ್ಷೆಯು ನಿಜವಾದ ಅಂತರಗಳನ್ನು ಕೈಬಿಟ್ಟು, ನೇರ ಮತ್ತು ಓರೆ ಗೆರೆಗಳಲ್ಲಿ ನಿಲ್ದಾಣಗಳ ಸಂಬಂಧವನ್ನಷ್ಟೇ ಉಳಿಸಿಕೊಂಡಿತು. ಪ್ರಯಾಣಿಕನು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದಷ್ಟೇ ಅದರ ಕಾಳಜಿ. ಭಜ್ಜು ಅವರಲ್ಲಿ ಅದೇ ಸುರಂಗ ರೈಲು ಎರೆಹುಳುವಾಗುತ್ತದೆ. ನೆಲದಡಿಯಲ್ಲಿ ಬೇರೊಂದು ಲೋಕವಿದೆ, ಎರೆಹುಳು ಅದನ್ನಾಳುತ್ತದೆ ಎಂಬ ಗೊಂಡರ ನಂಬಿಕೆ ಅಲ್ಲಿ ಕೆಲಸ ಮಾಡಿದೆ. ಬೆಕ್ ದಾರಿ ತೋರಿಸಿದರು; ಭಜ್ಜು ದಾರಿಯ ಅನುಭವವನ್ನು ತೋರಿಸಿದರು. ಅಳತೆಯನ್ನು ಬಿಟ್ಟುಕೊಟ್ಟದ್ದು ಇಬ್ಬರಿಗೂ ಸಮಾನವಾದ ಅಂಶ.

ಉಳಿದ ಚಿತ್ರಗಳಲ್ಲಿಯೂ ಇದೇ ಕ್ರಮವಿದೆ. ಬಿಗ್ ಬೆನ್ ಗಡಿಯಾರದ ಮುಖ ಹುಂಜದ ಕಣ್ಣಾಗುತ್ತದೆ. ಎರಡೂ ಹೊತ್ತು ತಿಳಿಸುವಂಥವು. ಇಂಗ್ಲಿಷ್ ಓದಲು ಬಾರದ ಕಲಾವಿದನನ್ನು ದಿನವೂ ಕೆಲಸಕ್ಕೆ ಒಯ್ಯುತ್ತಿದ್ದ 30ನೆಯ ಸಂಖ್ಯೆಯ ಬಸ್ಸು ನಂಬಿಗಸ್ತ ನಾಯಿಯಾಗುತ್ತದೆ. ಸಂಜೆಯಾಗುತ್ತಲೇ ಪಾನಗೃಹಗಳತ್ತ ಹೊರಡುವ ಜನ ಬಾವಲಿಗಳಾಗುತ್ತಾರೆ. ಹುಂಜ, ಎರೆಹುಳು, ನಾಯಿ ಇವೆಲ್ಲ ಪಾಟನ್‌ಗಢದ ಲೋಕಕ್ಕೆ ಸೇರಿದವು. ಯಾವುದನ್ನೂ ಭಜ್ಜು ಹೊಸದಾಗಿ ಸೃಷ್ಟಿಸಿಲ್ಲ. ಆದರೆ ಲಂಡನ್ನಿನ ನೂರಾರು ಬಸ್ಸುಗಳಲ್ಲಿ ಒಂದನ್ನು ಮಾತ್ರ ನಾಯಿಯಾಗಿ ಆರಿಸಿದ್ದು ಸಮುದಾಯವಲ್ಲ. ಅಕ್ಷರ ತಿಳಿಯದ ಬೀದಿಯಲ್ಲಿ ಒಂದು ಅಂಕಿಯನ್ನು ನೆಚ್ಚಿಕೊಂಡ ಒಬ್ಬನ ಆಯ್ಕೆ ಅದು. ಸಂಕೇತಗಳು ಸಮುದಾಯದವು, ಜೋಡಣೆ ವ್ಯಕ್ತಿಯದು. ವೈಯಕ್ತಿಕ ನಕ್ಷೆಯ ಹುಟ್ಟು ಈ ಎರಡರ ಕೂಡುವಿಕೆಯಲ್ಲಿದೆ.

ಪರಧಾನರ ಕುಲವೃತ್ತಿಯ ಹಿನ್ನೆಲೆಯಲ್ಲಿ ಇದನ್ನು ಇನ್ನಷ್ಟು ಖಚಿತವಾಗಿ ಅರಿಯಬಹುದು. ಅವರು ‘ಬಾನಾ’ ಎಂಬ ತಂತಿವಾದ್ಯವನ್ನು ನುಡಿಸುತ್ತ ಗೊಂಡ ಒಕ್ಕಲುಗಳ ವಂಶಕಥನವನ್ನು ಹಾಡುವ ಗಾಯಕರು. ಒಕ್ಕಲು ಮನೆತನಗಳ ವಂಶಾವಳಿಯನ್ನೂ ಮೂಲಸ್ಥಳವನ್ನೂ ಒಪ್ಪಿಸುವ ಕರ್ನಾಟಕದ ಹೆಳವರು ಇದಕ್ಕೆ ಹತ್ತಿರದ ನಿದರ್ಶನ. ಹೆಳವರ ವಾಚನದಲ್ಲಿ ಪದ್ಧತಿ ಪರಂಪರೆಯದಾದರೂ ಪ್ರತಿ ಮನೆಗೂ ಹೇಳುವ ಕಥನ ಆ ಮನೆಯದೇ. ಪರರ ದಾರಿಗಳನ್ನು ನೆನಪಿಡುವ ಈ ವೃತ್ತಿಯವರ ಮಗನೊಬ್ಬ ತನ್ನ ಸ್ವಂತ ದಾರಿಯನ್ನು ದಾಖಲಿಸಿದನೆಂಬುದು ಗಮನಾರ್ಹ.

ಇನ್ನೊಂದು ಸಂಗತಿಯೂ ಇಲ್ಲಿ ಪ್ರಸ್ತುತ. ಇಂಗ್ಲೆಂಡಿನಿಂದ ಬಂದ ಮಾನವಶಾಸ್ತ್ರಜ್ಞ ವೆರಿಯರ್ ಎಲ್ವಿನ್ ಇದೇ ಪಾಟನ್‌ಗಢದಲ್ಲಿ ನೆಲೆಸಿ, ಮಧ್ಯಭಾರತದ ಬುಡಕಟ್ಟುಗಳ ಬಗ್ಗೆ ವಿಪುಲವಾಗಿ ಬರೆದರು. ಅಂದು ನೋಟಕ್ಕೆ ವಸ್ತುವಾಗಿದ್ದ ಊರಿನಿಂದ ಹೊರಟವನು ನೋಡುವವನಾಗಿ ಲಂಡನ್ನಿನ ಜನರ ನಡಾವಳಿಯನ್ನು ಚಿತ್ರಿಸಿದ್ದು ಕ್ಷೇತ್ರಕಾರ್ಯದ ದಿಕ್ಕನ್ನೇ ಬದಲಿಸಿದಂತಿದೆ. ಕಿಪ್ಲಿಂಗರ 1894ರ ‘ಜಂಗಲ್ ಬುಕ್’ ಅನ್ನು ನೆನಪಿಸುವ ಶೀರ್ಷಿಕೆಯಲ್ಲಿಯೂ ಈ ಮರುನೋಟದ ಧ್ವನಿಯಿದೆ.

ಕೃತಿಗೆ ಮಿತಿಗಳಿಲ್ಲವೆಂದಲ್ಲ. ಚಿತ್ರಗಳೊಡನೆ ಬರುವ ಇಂಗ್ಲಿಷ್ ಬರಹದಲ್ಲಿ ಗೀತಾ ವೂಲ್ಫ್ ಮತ್ತು ಸಿರೀಶ್ ರಾವ್ ಅವರ ಪಾಲೂ ಇದೆ. ಬರಹವು ಪ್ರತಿ ಸಂಕೇತದ ಅರ್ಥವನ್ನು ಬಿಡಿಸಿ ಹೇಳುವುದರಿಂದ, ಹುಂಜವೆಂದರೆ ಗಡಿಯಾರ ಎಂಬ ಸರಳ ಸಮೀಕರಣದಲ್ಲಿ ಓದುಗ ನಿಂತುಬಿಡುವ ಅಪಾಯವಿದೆ. ಚುಕ್ಕಿ ಗೆರೆಗಳ ಹೆಣಿಗೆಯಲ್ಲಿ ವಿವರಣೆಗೆ ಸಿಕ್ಕದ ಎಷ್ಟೋ ಸಂಗತಿಗಳಿವೆ. ‘ಮುಗ್ಧ ಬುಡಕಟ್ಟಿನವನ ಬೆರಗು’ ಎಂಬ ಓದು ಇನ್ನೂ ದೊಡ್ಡ ಅಪಾಯ. ಬಾವಲಿಗಳ ಚಿತ್ರದಲ್ಲಿರುವುದು ಬೆರಗಿಗಿಂತ ಹೆಚ್ಚಾಗಿ ತಿಳಿಹಾಸ್ಯ ಬೆರೆತ ಅವಲೋಕನ.

ಭಜ್ಜು ಶ್ಯಾಮ್ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಹೆಸರು ಪಡೆದ ಕಲಾವಿದರ ವಿಷಯದಲ್ಲಿ ಸ್ವಂತಿಕೆಯನ್ನು ಒಪ್ಪುವುದು ಸುಲಭ. ಮಲೆನಾಡಿನ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುವ ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಚಿತ್ತಾರದ ಮಾದರಿಗಳನ್ನು ಸಂಗ್ರಹಿಸುವ ಅಧ್ಯಯನವು ಯಾರು, ಯಾವ ಗೋಡೆಗೆ, ಯಾವ ಸಂದರ್ಭದಲ್ಲಿ, ಏನನ್ನು ಆರಿಸಿ ಬರೆದರು ಎಂಬುದನ್ನೂ ದಾಖಲಿಸದೆ ಹೋದರೆ ಸಂಕೇತಗಳ ಪಟ್ಟಿ ಉಳಿಯುತ್ತದೆ, ನಕ್ಷೆ ಕಳೆದುಹೋಗುತ್ತದೆ.