ಕಡಲಾಚೆಯ ಪಿಟೀಲು

ಕಲಾವಿದನೊಬ್ಬನು ಕಡಲು ದಾಟಿದನೆಂದರೆ ಅವನ ಕಲೆಯೂ ತಾನಾಗಿಯೇ ದೊಡ್ಡದಾಯಿತೆಂದು ಬಗೆಯುವ ವಾಡಿಕೆಯು ಕನ್ನಡನಾಡಿನಲ್ಲಿ ಬೇರೂರಿದೆ. ಸನ್ಮಾನದ ಸಭೆಗಳಲ್ಲಿ ಅವನು ಸಂಚರಿಸಿದ ದೇಶಗಳ ಹೆಸರುಗಳನ್ನು ಓದುವರು. ಯಾವ ರಾಗವನ್ನು ಹೇಗೆ ನುಡಿಸಿದನೆಂದು ಕೇಳುವವರು ವಿರಳ. ಬೆಂಗಳೂರಿನಲ್ಲಿ ಬೆಳೆದು ಲಂಡನ್ ನಗರದಲ್ಲಿ ನೆಲಸಿರುವ ಪಿಟೀಲು ವಿದುಷಿ ಶ್ರೀಮತಿ ಜ್ಯೋತ್ಸ್ನಾ ಶ್ರೀಕಾಂತರ ಕಲಾಜೀವನವನ್ನು ಬೇರೊಂದು ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತವಾಗಿದೆ.

ಪಿಟೀಲು ಮೂಲತಃ ಪರದೇಶದ ವಾದ್ಯವೇ ಸರಿ. ಮುತ್ತುಸ್ವಾಮಿ ದೀಕ್ಷಿತರ ಸೋದರರಾದ ಬಾಲುಸ್ವಾಮಿ ದೀಕ್ಷಿತರು (1786–1858) ಯೂರೋಪಿನ ವಾದಕನೊಬ್ಬನಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಪಾಶ್ಚಾತ್ಯರು ಅದನ್ನು ಗದ್ದದಡಿಯಲ್ಲಿ ಹಿಡಿಯುವರು. ಇಲ್ಲಿಯವರು ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಮೇಲೆ ಊರಿದರು. ಇದರಿಂದ ಎಡಗೈಗೆ ವಾದ್ಯದ ಭಾರವು ತಪ್ಪಿ, ಬೆರಳುಗಳು ತಂತಿಯ ಮೇಲೆ ಜಾರಿ ಗಮಕವನ್ನು ನುಡಿಸಲು ಅನುಕೂಲವಾಯಿತು. ಮುಂದೆ ಮೈಸೂರಿನ ಟಿ. ಚೌಡಯ್ಯನವರು (1895–1967) ದೊಡ್ಡ ಸಭೆಯಲ್ಲಿಯೂ ನಾದವು ತುಂಬಿ ಕೇಳಲೆಂದು ನಾಲ್ಕು ತಂತಿಗಳನ್ನು ಏಳಾಗಿಸಿದರು. ಈ ಮಾರ್ಪಾಡುಗಳೆಲ್ಲವೂ ವಾದ್ಯವನ್ನು ರಾಗಕ್ಕೆ ಬಾಗಿಸಿದವು. ರಾಗವನ್ನು ವಾದ್ಯಕ್ಕೆ ಬಾಗಿಸಲಿಲ್ಲ.

ಏಳುತಂತಿಯ ವಾದನಕ್ಕೆ ಹೆಸರಾದ ವಿದ್ವಾನ್ ಆರ್. ಆರ್. ಕೇಶವಮೂರ್ತಿಗಳೇ ಶ್ರೀಮತಿ ಜ್ಯೋತ್ಸ್ನಾ ಅವರ ಗುರುಗಳು. ಮೊದಲ ಸಂಗೀತಪಾಠವು ತಾಯಿ ರತ್ನಾ ಶ್ರೀಕಂಠಯ್ಯನವರಿಂದ ದೊರೆಯಿತು. ವೈದ್ಯವಿದ್ಯೆಯನ್ನು ಪೂರೈಸಿಯೂ ಪಿಟೀಲನ್ನು ಬಿಡದೆ, ಪಾಶ್ಚಾತ್ಯ ಪದ್ಧತಿಯನ್ನೂ ಅಭ್ಯಾಸಮಾಡಿ, ಲಂಡನ್ನಿನಲ್ಲಿ ‘ಧ್ರುವ’ ಎಂಬ ಕಲಾಸಂಸ್ಥೆಯನ್ನು ಅವರು ಕಟ್ಟಿದರು. 2011ರ ‘ಕರ್ನಾಟಿಕ್ ಜಾಝ್’ ಎಂಬ ಧ್ವನಿಮುದ್ರಿಕೆಯು ಹೆಸರೇ ಸೂಚಿಸುವಂತೆ ಎರಡು ಸಂಗೀತಗಳ ಕೂಟ. 2013ರ ‘ಕಾಲ್ ಆಫ್ ಬೆಂಗಳೂರು’ ಸಂಪ್ರದಾಯದ ಕಡೆಗೆ ಮುಖಮಾಡಿದುದು. ಕೂಟದ ರುಚಿ ಹತ್ತಿದ ಬಳಿಕವೂ ತವರಿನ ದಾರಿಯನ್ನು ಮರೆಯದಿದ್ದುದು ಮೆಚ್ಚತಕ್ಕ ಗುಣವು.

ಆದರೆ ಇಂತಹ ಕೂಟದಲ್ಲಿ ಒಂದು ನಿಜವಾದ ತೊಡಕುಂಟು. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳು ಏಕಕಾಲಕ್ಕೆ ಕೂಡಿ ನುಡಿಯಬೇಕಾದುದರಿಂದ ಪ್ರತಿಯೊಂದು ಸ್ವರವೂ ತನ್ನ ಸ್ಥಾನದಲ್ಲಿ ಅಚಲವಾಗಿ ನಿಲ್ಲಬೇಕು. ಕರ್ನಾಟಕ ಸಂಗೀತದಲ್ಲಿ ಸ್ವರವು ತೂಗಾಡಿದಾಗಲೇ ರಾಗವು ಮೈದೋರುವುದು. ದಾಕ್ಷಿಣಾತ್ಯ ತೋಡಿಯ ಸ್ವರಗಳು ಉತ್ತರಾದಿ ಪದ್ಧತಿಯ ಭೈರವಿಯ ಸ್ವರಗಳೇ ಆಗಿವೆ. ಹಿಂದುಸ್ತಾನಿಗೆ ಕಿವಿ ಪಳಗಿದ ಶಿರಸಿ-ಯಲ್ಲಾಪುರದ ರಸಿಕರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಗಾಂಧಾರದ ಆ ತೂಗಾಟವನ್ನು ಕಳೆದರೆ ಏಳು ಸ್ವರಗಳೂ ಉಳಿಯುವುವು, ತೋಡಿಯೊಂದು ಉಳಿಯದು. ಆದುದರಿಂದ ಜತೆಯ ವಾದ್ಯಗಳು ಹಿಂಜರಿದು ರಾಗಕ್ಕೆ ಎಡೆಗೊಟ್ಟಲ್ಲಿ ಕೂಟವು ಸಾರ್ಥಕವಾಗುವುದು. ಅವುಗಳ ಸ್ವರಮೇಳಕ್ಕೆ ರಾಗವೇ ತಲೆಬಾಗಿದಲ್ಲಿ ಅದು ಬರಿಯ ಅಲಂಕಾರವಾಗಿ ಉಳಿಯುವುದು.

ಇಡೀ ರಾತ್ರಿಯ ಯಕ್ಷಗಾನವನ್ನು ಪರಸ್ಥಳದವರಿಗಾಗಿ ಎರಡು ತಾಸಿಗೆ ಇಳಿಸುವಾಗಲೂ ಇದೇ ಪ್ರಶ್ನೆಯು ಏಳುತ್ತದೆ. ಕುಣಿತವನ್ನು ಉಳಿಸಿ ಅರ್ಥಗಾರಿಕೆಯನ್ನು ಕತ್ತರಿಸಿದರೆ ನೋಟಕರು ಹಿಗ್ಗುವರು, ಆಟವು ಬಡವಾಗುವುದು. ಕಿರಿದುಮಾಡುವುದು ದೋಷವಲ್ಲ, ಜೀವಸ್ಥಾನವನ್ನು ಅರಿಯದೆ ಕಿರಿದುಮಾಡುವುದು ದೋಷ.

ಶಾಸ್ತ್ರಜ್ಞರು ಹೇಳುವ ದೇಹಲೀದೀಪ ನ್ಯಾಯದಂತೆ ಹೊಸ್ತಿಲ ಮೇಲಿನ ದೀಪವು ಒಳಗೂ ಹೊರಗೂ ಬೆಳಕು ಕೊಡಬಲ್ಲದು. ಪರದೇಶದಲ್ಲಿ ನೆಲಸಿದ ಕಲಾವಿದರ ಸ್ಥಾನವೂ ಅಂತಹುದೇ. ಆ ದೀಪಕ್ಕೆ ಎಣ್ಣೆಯು ಮನೆಯೊಳಗಿನಿಂದಲೇ ಬರಬೇಕು. ಹೊರಗಿನ ಚಪ್ಪಾಳೆಯನ್ನು ಎಣಿಸುತ್ತ ಕುಳಿತು, ಇಲ್ಲಿಯೇ ನಿತ್ಯ ಸಾಧನೆಮಾಡುವ ಎಳೆಯರ ಕಛೇರಿಗೆ ಹತ್ತು ಮಂದಿಯೂ ಕೂಡದಿದ್ದರೆ, ಮುಂದೆ ಕಡಲಾಚೆಗೆ ಹೋಗುವ ಪಿಟೀಲಿನಲ್ಲಿ ಗಮಕವನ್ನು ಹುಡುಕುವ ಹಕ್ಕು ಈ ನಾಡಿನ ರಸಿಕರಿಗೆ ಉಳಿಯದು.