ಹತ್ತು ದಿನಾರಿನ ತಾರೀಕು

ಹಳೆಯ ನೋಟು ಕೈಗೆ ಬಂದರೆ ಸಂಗ್ರಾಹಕರ ಕಣ್ಣು ಮೊದಲು ಹೋಗುವುದು ಚಿತ್ರದ ಮೇಲೆ, ಆಮೇಲೆ ಸೀರಿಯಲ್ ನಂಬರಿನ ಮೇಲೆ. ಟ್ಯುನೀಷಿಯಾದ ನೋಟಿನಲ್ಲಿ ಮೊದಲು ಓದಬೇಕಾದ್ದು ತಾರೀಕು.

ಆ ದೇಶ ಫ್ರೆಂಚರಿಂದ ಸ್ವತಂತ್ರವಾದದ್ದು 1956ರ ಮಾರ್ಚ್ 20ರಂದು. ಮುಂದೆ ಸಾವಿರ ಫ್ರಾಂಕಿಗೆ ಒಂದು ದಿನಾರ್, ದಿನಾರಿಗೆ ಸಾವಿರ ಮಿಲ್ಲಿಮ್ ಎಂಬ ಲೆಕ್ಕ ಬಂತು. ಹಾಗಾಗಿ ಅಂಗಡಿಗಳ ಬೆಲೆಯಲ್ಲಿ ಬಿಂದುವಿನ ನಂತರ ಮೂರು ಅಂಕಿ. ‘ದಿನಾರ್’ ಎಂಬ ಹೆಸರಿನ ಮೂಲ ರೋಮನ್ನರ ಬೆಳ್ಳಿ ನಾಣ್ಯ ದಿನಾರಿಯಸ್. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕಿದ್ದೂ ಅದೇ ನಾಣ್ಯ.

ಹತ್ತು ದಿನಾರಿನ ನೋಟುಗಳನ್ನಷ್ಟೇ ಸಾಲಾಗಿ ಜೋಡಿಸಿ ನೋಡಬೇಕು. 1986ರದ್ದರಲ್ಲಿ ಮೊದಲ ಅಧ್ಯಕ್ಷ ಹಬೀಬ್ ಬೂರ್ಗೀಬಾ. ತಾರೀಕು ಸ್ವಾತಂತ್ರ್ಯದ ದಿನ, 20-3. ಮರುವರ್ಷದ ನವೆಂಬರ್ 7ರಂದು ಪ್ರಧಾನಿ ಬೆನ್ ಅಲಿ ಬೂರ್ಗೀಬಾರನ್ನು ಇಳಿಸಿ ತಾವೇ ಗದ್ದುಗೆ ಏರಿದರು. 1994ರ ನೋಟಿನಲ್ಲಿ ಬೂರ್ಗೀಬಾ ಮಾಯ. ಆ ಜಾಗದಲ್ಲಿ, ಟ್ಯೂನಿಸ್‌ನಲ್ಲೇ 1332ರಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್. ಬೆನ್ ಅಲಿಯ ಮುಖ ಅಲ್ಲಿಲ್ಲ, ಅವರು ಅಧಿಕಾರ ಹಿಡಿದ ದಿನ ಇದೆ: 7-11. 2005ರ ನೋಟಿಗೆ, ಕಾರ್ತೇಜ್ ನಗರವನ್ನು ಕಟ್ಟಿದಳೆಂಬ ಐತಿಹ್ಯದ ರಾಣಿ ಎಲಿಸ್ಸಾ ಬಂದಳು. ಆಗಲೂ ಅದೇ 7-11. ರಾಜರ ಮುಖ ಅಚ್ಚೊತ್ತಿದ ನಾಣ್ಯಗಳಿಗಿಂತ ಈ ಎರಡು ಅಂಕಿಗಳು ಅಧಿಕಾರದ ಕಥೆಯನ್ನು ಚೆನ್ನಾಗಿ ಹೇಳುತ್ತವೆ.

2011ರ ಜನವರಿ 14ರಂದು ಜನ ಬೀದಿಗಿಳಿದು ಬೆನ್ ಅಲಿಯನ್ನು ದೇಶ ಬಿಡಿಸಿದರು.

2013ರ ನೋಟು ಬಂದಾಗ ತಾರೀಕು ಮತ್ತೆ 20-3. ಮುಖ ಮಾತ್ರ ಅಧ್ಯಕ್ಷರದ್ದಲ್ಲ, ಕವಿ ಅಬುಲ್ ಕಾಸಿಮ್ ಶಾಬ್ಬಿಯದ್ದು. ಚಳವಳಿಗಾರರ ಬಾಯಲ್ಲಿ ಘೋಷಣೆಯಾದದ್ದು ಅವರದೇ ಸಾಲುಗಳು. 2020ರದ್ದು ಈ ಸಾಲಿನಲ್ಲೇ ಶ್ರೇಷ್ಠ. ಕೊರೋನಾ ಹಬ್ಬುತ್ತಿದ್ದ ಮಾರ್ಚ್ ತಿಂಗಳಲ್ಲಿ ಹೊರಬಂದ ಆ ನೋಟಿನ ಮೇಲಿರುವುದು ದೇಶದ ಮೊದಲ ವೈದ್ಯೆ ತೌಹೀದಾ ಬೆನ್ ಶೇಖ್.

ಸಂಗ್ರಾಹಕರಿಗೆ ಒಂದು ಎಚ್ಚರಿಕೆ: ದಿನಾರನ್ನು ಟ್ಯುನೀಷಿಯಾದಿಂದ ಹೊರಗೆ ಒಯ್ಯುವುದು ಕಾನೂನಿಗೆ ವಿರುದ್ಧ. ಪ್ರವಾಸಕ್ಕೆ ಹೋದವರು ಜೇಬಿಗಿಳಿಸಿ ತರುವಂತಿಲ್ಲ. ನಂಬಿಕಸ್ಥ ವ್ಯಾಪಾರಿಗಳಿಂದ ಕೊಳ್ಳುವುದೇ ಸರಿ.

ಕೊಂಡಾಗ ಕೊನೆಯ ಎರಡನ್ನು ಒಂದೇ ಪುಟದಲ್ಲಿ ಇಡಬೇಕು. ಕವಿಯೂ ವೈದ್ಯೆಯೂ 1909ರಲ್ಲೇ ಹುಟ್ಟಿದವರು. ಹೃದಯದ ಕಾಯಿಲೆಯಿಂದ ಶಾಬ್ಬಿ 1934ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ತೌಹೀದಾ ಪ್ಯಾರಿಸ್‌ನಲ್ಲಿ ವೈದ್ಯಕೀಯ ಪದವಿ ಪಡೆದರು.